ಘಾಟ್ಕೋಪರ್–ವರ್ಸೋವಾ ಮೆಟ್ರೋ: ಟಿಕೆಟ್ ದರ ಯಾರ ಕೈಯಲ್ಲಿ?

2014ರ ಜೂನ್ 8, ಭಾನುವಾರ. ಮುಂಬೈಯ ಮೊದಲ ಮೆಟ್ರೋ ಅಂದು ಓಡಿತು. ಓಡಿದ ದಿನವೇ ಅದರ ಟಿಕೆಟ್‌ಗೆ ಎರಡು ದರ ಇದ್ದವು. ಓಡಿಸುವ ಕಂಪನಿ 10, 20, 30, 40 ರೂಪಾಯಿ ಎಂದಿತು. ರಾಜ್ಯ ಸರ್ಕಾರ 9, 11, 13 ಎಂದಿತು. ಮೊದಲ ತಿಂಗಳು ಎಲ್ಲಿಗೆ ಹೋದರೂ ಹತ್ತೇ ರೂಪಾಯಿ ಅಂತ ಕಂಪನಿ ರಿಯಾಯಿತಿ ಕೊಟ್ಟಿದ್ದರಿಂದ ಜನರಿಗೆ ಆ ಹೊತ್ತಿಗೆ ಬಿಸಿ ತಟ್ಟಲಿಲ್ಲ. ಆದರೆ ಕೋರ್ಟಿನಲ್ಲಿ ಜಗಳ ಆಗಲೇ ಶುರುವಾಗಿತ್ತು. ತಮಾಷೆ ಏನಂದರೆ, ಇಬ್ಬರ ಕೈಯಲ್ಲೂ ಕಾಗದ ಇತ್ತು. ಎರಡೂ ಸಾಚಾ ಕಾಗದವೇ.

ಖಾಸಗಿ ಕಂಪನಿ ಮೆಟ್ರೋ ನಡೆಸಬೇಕಾ, ಸರ್ಕಾರವೇ ನಡೆಸಬೇಕಾ ಅನ್ನುವ ವಾದ ನಮ್ಮಲ್ಲಿ ಆಗಾಗ ಬರುತ್ತದೆ. ಈ ಪ್ರಕರಣವನ್ನು ಆ ವಾದಕ್ಕೆ ಸಾಕ್ಷಿಯಾಗಿ ಎರಡೂ ಕಡೆಯವರು ಎಳೆದು ತರುತ್ತಾರೆ. ನನಗೆ ಅನ್ನಿಸುವುದು ಬೇರೆ. ಇಲ್ಲಿ ಕೆಟ್ಟದ್ದು ರೈಲೂ ಅಲ್ಲ, ರೈಲು ಓಡಿಸಿದವರ ಕೆಲಸವೂ ಅಲ್ಲ. ದರ ಯಾರು ಹೇಳಬೇಕು ಎಂಬುದನ್ನು ಮೊದಲ ರೈಲು ಹೊರಡುವ ಮುಂಚೆ ಯಾರೂ ಕೂತು ಬಗೆಹರಿಸಲಿಲ್ಲ. ಆಮೇಲೆ ಆದದ್ದೆಲ್ಲ ಅದರ ಬಾಲ.

ಅಡ್ಡ ದಾರಿ ಇಲ್ಲದ ಊರು

ಮುಂಬೈ ಗೊತ್ತಿಲ್ಲದವರಿಗೆ ಒಂದು ಮಾತು. ಈ ಊರಿನ ಲೋಕಲ್ ರೈಲುಗಳೆಲ್ಲ ಉತ್ತರದಿಂದ ದಕ್ಷಿಣಕ್ಕೆ ಓಡುತ್ತವೆ. ಅಂಧೇರಿ ವೆಸ್ಟರ್ನ್ ಲೈನಿನಲ್ಲಿದೆ, ಘಾಟ್ಕೋಪರ್ ಸೆಂಟ್ರಲ್ ಲೈನಿನಲ್ಲಿದೆ. ನಕ್ಷೆಯಲ್ಲಿ ನೋಡಿದರೆ ಪಕ್ಕಪಕ್ಕದ ಊರು. ಲೋಕಲ್‌ನಲ್ಲೇ ಹೋಗಬೇಕೆಂದರೆ ದಾದರ್‌ವರೆಗೆ ಇಳಿದು, ಅಲ್ಲಿ ಜನರ ನಡುವೆ ನುಗ್ಗಿ ಸೇತುವೆ ದಾಟಿ, ಇನ್ನೊಂದು ಲೈನ್ ಹಿಡಿದು ಮತ್ತೆ ಮೇಲಕ್ಕೆ ಬರಬೇಕು. ಇಲ್ಲವೇ ರಸ್ತೆ. 340ನೇ ನಂಬರಿನ ಬೆಸ್ಟ್ (ಮುಂಬೈಯ ನಗರ ಸಾರಿಗೆ) ಬಸ್ಸು ಹತ್ತಿ ಸಾಕಿನಾಕಾದ ಟ್ರಾಫಿಕ್‌ನಲ್ಲಿ ನಿಂತವರಿಗೆ ಆ ದಾರಿಯ ಕಷ್ಟ ವಿವರಿಸಬೇಕಿಲ್ಲ.

ಈ ಸಾಲಿನಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಘಾಟ್ಕೋಪರ್, ಅಸಲ್ಫಾ, ಸಾಕಿನಾಕಾ, ಮರೋಲ್, ಅಂಧೇರಿ. ಕರಾವಳಿಯ ಹೋಟೆಲಿನವರು, ಬ್ಯಾಂಕಿನವರು, ಕಲಬುರಗಿ–ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಈಗ ಚಕಾಲಾದ ಆಫೀಸುಗಳಿಗೆ ಬರುವ ಹೊಸ ಹುಡುಗ ಹುಡುಗಿಯರು. ಅವರಿಗೆಲ್ಲ ಈ ಲೈನು ಬದುಕು ಬದಲಿಸಿತು ಅಂದರೆ ಉತ್ಪ್ರೇಕ್ಷೆ ಅಲ್ಲ. ವರ್ಸೋವಾದಿಂದ ಘಾಟ್ಕೋಪರ್‌ಗೆ 11.4 ಕಿಲೋಮೀಟರ್, 12 ನಿಲ್ದಾಣ, 21 ನಿಮಿಷ. ಅದೇ ದೂರಕ್ಕೆ ರಸ್ತೆಯಲ್ಲಿ ಒಂದು ಗಂಟೆಗೂ ಜಾಸ್ತಿ.

ದುಡ್ಡು ಎಲ್ಲಿಂದ ಬಂತು

2007ರ ಮಾರ್ಚ್‌ನಲ್ಲಿ ಎಂಎಂಆರ್‌ಡಿಎ, ಅಂದರೆ ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಮುಂಬೈ ಮೆಟ್ರೋ ಒನ್ ಪ್ರೈವೇಟ್ ಲಿಮಿಟೆಡ್ ಜೊತೆ ಕನ್ಸೆಷನ್ ಒಪ್ಪಂದ ಮಾಡಿಕೊಂಡಿತು. ಅವಧಿ 35 ವರ್ಷ, ಕಟ್ಟುವ ಸಮಯವೂ ಸೇರಿ. ಕಂಪನಿ ಲೈನ್ ಕಟ್ಟಬೇಕು, ನಡೆಸಬೇಕು, ಟಿಕೆಟ್ ದುಡ್ಡಿನಲ್ಲಿ ಹಾಕಿದ್ದನ್ನು ಎತ್ತಿಕೊಳ್ಳಬೇಕು, ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಒಪ್ಪಿಸಬೇಕು.

ಕಂಪನಿಯಲ್ಲಿ ಅನಿಲ್ ಅಂಬಾನಿ ಸಮೂಹದ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್‌ಗೆ ಶೇ 69 ಪಾಲು, ಎಂಎಂಆರ್‌ಡಿಎಗೆ ಶೇ 26, ಫ್ರಾನ್ಸಿನ ವಿಯೋಲಿಯಾಗೆ ಶೇ 5. ಮುಂದೆ ರಿಲಯನ್ಸ್‌ನ ಪಾಲು ಶೇ 74 ಆಯಿತು. ಎಂಎಂಆರ್‌ಡಿಎಯ ಆ 26 ನೆನಪಿಟ್ಟುಕೊಳ್ಳಿ, ಅದರ ಕಥೆ ಮುಂದಿದೆ.

ಅಂದಾಜು ವೆಚ್ಚ 2,356 ಕೋಟಿ. ಅದರಲ್ಲಿ 1,194 ಕೋಟಿ ಸಾಲ, 512 ಕೋಟಿ ಷೇರು ಬಂಡವಾಳ, ಉಳಿದ 650 ಕೋಟಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವಾಪಸ್ ಕೇಳದೆ ಕೊಡುವ ಸಹಾಯಧನ. ಟಿಕೆಟ್ ದುಡ್ಡಿನಿಂದ ಮಾತ್ರ ಮೆಟ್ರೋ ಬದುಕುವುದಿಲ್ಲ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದಕ್ಕೇ ಈ ಸಹಾಯಧನ. ಕಡಿಮೆ ಸಹಾಯಧನ ಸಾಕು ಅಂದವರಿಗೆ ಕೆಲಸ ಸಿಗುವುದು ಇಂಥ ಟೆಂಡರ್‌ಗಳ ರೀತಿ. ಹಾಗಾಗಿ ಕಾಗದದ ಮೇಲೆ ಲೆಕ್ಕ ತೀರಾ ಬಿಗಿಯಾಗಿರುತ್ತದೆ. ಸ್ವಲ್ಪ ಆಚೀಚೆ ಆದರೂ ಹರಿದುಹೋಗುತ್ತದೆ.

ಆಚೀಚೆ ಸ್ವಲ್ಪ ಅಲ್ಲ, ತುಂಬಾ ಆಯಿತು. 2008ರಲ್ಲಿ ಕೆಲಸ ಶುರುವಾಗಿ, ರೈಲು ಓಡುವಾಗ 2014. ಕಿಕ್ಕಿರಿದ ಅಂಧೇರಿ–ಕುರ್ಲಾ ರಸ್ತೆಯ ನಡುವೆ ಕಂಬ ಎಬ್ಬಿಸಬೇಕಿತ್ತು. ಬೇಕಾದ ಜಾಗ ಸಮಯಕ್ಕೆ ಸಿಗಲಿಲ್ಲ. ಅಂಧೇರಿಯಲ್ಲಿ ವೆಸ್ಟರ್ನ್ ರೈಲ್ವೆಯ ಹಳಿಗಳ ಮೇಲೆ ಹಾದುಹೋಗುವ ಸೇತುವೆಗೆ ರೈಲ್ವೆಯ ಒಪ್ಪಿಗೆ ಬೇಕು, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ಕೇಬಲ್ ಸೇತುವೆ ಬೇಕು. ಕೊನೆಗೆ ಕಂಪನಿ ತನ್ನ ಖರ್ಚು 4,321 ಕೋಟಿ ಎಂದಿತು. ಎಂಎಂಆರ್‌ಡಿಎ ಒಪ್ಪಲಿಲ್ಲ. ತಡವಾದದ್ದು ನೀವು ಜಾಗ ಕೊಡದೆ ಅಂತ ಒಬ್ಬರು, ನಿಮ್ಮ ಕೆಲಸ ನಿಧಾನ ಅಂತ ಇನ್ನೊಬ್ಬರು. 1,965 ಕೋಟಿಯ ಆ ಅಂತರ ಯಾರ ತಲೆಗೆ? ದರದ ಜಗಳದ ಹಿಂದೆ ನಿಂತಿದ್ದ ದೊಡ್ಡ ಜಗಳ ಇದು.

ಎರಡು ಕಾಗದ

ಒಪ್ಪಂದ ಬರೆದಾಗ ಮುಂಬೈಗೆ ಮೆಟ್ರೋ ಕಾನೂನೇ ಇರಲಿಲ್ಲ. 2002ರ ಕಾಯ್ದೆ ದೆಹಲಿಗೆ ಮಾತ್ರ ಇತ್ತು. ಹಾಗಾಗಿ ಈ ಯೋಜನೆಯನ್ನು 1886ರ ಟ್ರಾಂ ಕಾಯ್ದೆಯ ಅಡಿಯಲ್ಲಿ ತಂದರು. ಹೌದು, ಬ್ರಿಟಿಷರು ಟ್ರಾಂ ಗಾಡಿಗಾಗಿ ಮಾಡಿದ ಕಾನೂನು. ಎಸಿ ಡಬ್ಬಿಯ, 25 ಕಿಲೋವೋಲ್ಟ್ ಕರೆಂಟಿನ ಮೆಟ್ರೋಗೆ ಅದು ಹೆತ್ತ ತಾಯಿ! ಆ ಕಾಯ್ದೆಯಲ್ಲಿ ರಾಜ್ಯ ಸರ್ಕಾರದ ಕೈ ಮೇಲು. ಒಪ್ಪಂದದಲ್ಲೇ ದರ ಬರೆದಿಟ್ಟರು. ವರ್ಷ ಕಳೆದಂತೆ ಅದು ಎಷ್ಟು ಏರಬೇಕು ಎಂಬ ಸೂತ್ರವೂ ಇತ್ತು. ಆ ಲೆಕ್ಕದಲ್ಲಿ 2014ಕ್ಕೆ ಬಂದ ದರವೇ 9, 11, 13.

2009ರಲ್ಲಿ ಸಂಸತ್ತು ದೆಹಲಿಯ ಕಾಯ್ದೆಯನ್ನು ತಿದ್ದಿ, ಬೇರೆ ಮಹಾನಗರಗಳಿಗೂ ಹಬ್ಬಿಸುವ ದಾರಿ ಮಾಡಿತು. ರೈಲು ಓಡುವ ಹೊತ್ತಿಗೆ ಮುಂಬೈಯ ಈ ಲೈನೂ ಕೇಂದ್ರದ ಮೆಟ್ರೋ ಕಾಯ್ದೆಯ ಅಡಿಗೆ ಬಂದಿತ್ತು. ಆ ಕಾಯ್ದೆಯ 33ನೇ ಸೆಕ್ಷನ್ ಹೇಳುವುದು ಇಷ್ಟು: ದರ ನಿಗದಿ ಸಮಿತಿಯ ಶಿಫಾರಸಿನಂತೆ 'ಮೆಟ್ರೋ ರೈಲ್ವೆ ಆಡಳಿತ' ದರ ಇಡಬೇಕು. ಆದರೆ ಲೈನ್ ಮೊದಲು ತೆರೆಯುವಾಗ ಸಮಿತಿಯ ಶಿಫಾರಸು ಬೇಡ, ಆಡಳಿತವೇ ದರ ಇಡಬಹುದು. ಆ 'ಆಡಳಿತ' ಅಂದರೆ ಯಾರು? ಸರ್ಕಾರದ್ದಲ್ಲದ ಮೆಟ್ರೋ ಆದರೆ ಅದರ ಒಡೆಯರು, ಗೇಣಿದಾರರು ಅಥವಾ ಒಪ್ಪಂದದ ಮೇಲೆ ನಡೆಸುವವರು ಅಂತ ಕಾಯ್ದೆಯೇ ಹೇಳುತ್ತದೆ. ಅಂದರೆ ಕಂಪನಿ.

ಈಗ ನೀವೇ ನೋಡಿ. ಸರ್ಕಾರದ ಕೈಯಲ್ಲಿ ಸಹಿ ಹಾಕಿದ ಒಪ್ಪಂದ. ಕಂಪನಿಯ ಕೈಯಲ್ಲಿ ಸಂಸತ್ತಿನ ಕಾಯ್ದೆ. 2009ರಿಂದ 2014ರ ತನಕ ಐದು ವರ್ಷ ಸಮಯ ಇತ್ತು. ಒಪ್ಪಂದಕ್ಕೆ ಒಂದು ತಿದ್ದುಪಡಿ ಬರೆದು, 'ಮೊದಲ ದರ ಇಷ್ಟು, ನಷ್ಟವಾದರೆ ತುಂಬುವವರು ಇಂಥವರು' ಅಂತ ಎರಡು ಸಾಲು ಸೇರಿಸಬಹುದಿತ್ತು. ಸೇರಿಸಲಿಲ್ಲ. ಚುನಾವಣೆ ಹತ್ತಿರ ಇದ್ದ ಸರ್ಕಾರಕ್ಕೆ ಅಗ್ಗದ ದರ ಬೇಕಿತ್ತು, ಖರ್ಚು ಏರಿದ್ದ ಕಂಪನಿಗೆ ಜಾಸ್ತಿ ದರ ಬೇಕಿತ್ತು. ಮೌನವಾಗಿದ್ದರೆ ತನಗೇ ಲಾಭ ಅಂತ ಇಬ್ಬರೂ ಅಂದುಕೊಂಡಿರಬೇಕು. ಇದು ನನ್ನ ಊಹೆ, ಆದರೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಎಂಎಂಆರ್‌ಡಿಎ ಬಾಂಬೆ ಹೈಕೋರ್ಟಿಗೆ ಹೋಯಿತು. 2014ರ ಜೂನ್ ಕೊನೆಯಲ್ಲಿ ಏಕಸದಸ್ಯ ಪೀಠ ತಡೆ ಕೊಡಲಿಲ್ಲ. ಮೇಲ್ಮನವಿ ಹೋಯಿತು. ಅದು ನಡೆಯುತ್ತಿದ್ದಾಗ ಕಂಪನಿ 10, 15, 20ರ ನಡುವಿನ ದರ ಇಟ್ಟಿತು. 2015ರ ಜನವರಿ 8ರಂದು ವಿಭಾಗೀಯ ಪೀಠವೂ ಕಂಪನಿಯ ಕಡೆಗೇ ಹೇಳಿತು. ಮರುದಿನದಿಂದ 10ರಿಂದ 40. ಕಾಯ್ದೆಯ ಮುಂದೆ ಒಪ್ಪಂದ ಸೋತಿತು.

ಸುಮ್ನೆ ಒಂದು ಲೆಕ್ಕ ಹಾಕೋಣ. ಅಂಕಿ ನನ್ನದೇ, ಅಂದಾಜಿಗೆ ಮಾತ್ರ. ದಿನಕ್ಕೆ ನಾಲ್ಕೂವರೆ ಲಕ್ಷ ಜನ, ಸರಾಸರಿ ಟಿಕೆಟ್ 11 ರೂಪಾಯಿ ಅಂದುಕೊಂಡರೆ ವರ್ಷಕ್ಕೆ ಸುಮಾರು 180 ಕೋಟಿ. ಸರಾಸರಿ 20 ಅಂದುಕೊಂಡರೆ 328 ಕೋಟಿ. ಮೂಲ ಸಾಲ 1,194 ಕೋಟಿಗೆ ಶೇ 11ರ ಬಡ್ಡಿ ಹಿಡಿದರೂ ವರ್ಷಕ್ಕೆ 131 ಕೋಟಿ ಬಡ್ಡಿಗೇ ಹೋಗುತ್ತದೆ. ಮೊದಲ ದರದಲ್ಲಿ ಬಡ್ಡಿ ಕಟ್ಟಿದ ಮೇಲೆ ಕರೆಂಟು, ಸಂಬಳ, ರಿಪೇರಿಗೆ 49 ಕೋಟಿ ಉಳಿಯುತ್ತದೆ. ಒಂಬತ್ತು ರೂಪಾಯಿ ವ್ಯತ್ಯಾಸ ಪ್ರಯಾಣಿಕನಿಗೆ ಒಂದು ಕಟಿಂಗ್ ಚಹಾದ ಮಾತು, ಕಂಪನಿಗೆ ಉಸಿರಿನ ಮಾತು. ಯಾಕೆ ಇಬ್ಬರೂ ಇಷ್ಟು ಹಟ ಹಿಡಿದರು ಅನ್ನುವುದು ಇದರಲ್ಲಿ ಕಾಣುತ್ತದೆ.

110 ರೂಪಾಯಿಯ ಸಮಿತಿ

ಮೊದಲ ದರ ಆಯಿತು, ಮುಂದಿನದು? ಅದಕ್ಕೆ ಕೇಂದ್ರ ಸರ್ಕಾರ ದರ ನಿಗದಿ ಸಮಿತಿ ರಚಿಸುತ್ತದೆ. ಹೈಕೋರ್ಟಿನ ನ್ಯಾಯಮೂರ್ತಿ ಆಗಿರುವವರು ಅಥವಾ ಆಗಿದ್ದವರು ಅಧ್ಯಕ್ಷರು, ಕೇಂದ್ರದ್ದೊಬ್ಬರು, ರಾಜ್ಯದ್ದೊಬ್ಬರು ಸದಸ್ಯರು. ಸಮಿತಿ ಹೇಳಿದ್ದನ್ನು ಮೆಟ್ರೋ ಆಡಳಿತ ಪಾಲಿಸಲೇಬೇಕು. 2015ರ ಜುಲೈನಲ್ಲಿ ಈ ಲೈನಿನ ಸಮಿತಿ 10ರಿಂದ 110 ರೂಪಾಯಿ ತನಕ ದರ ಇಡಬಹುದು ಎಂದಿತು.

ನೂರಾ ಹತ್ತು! ಹನ್ನೊಂದು ಕಿಲೋಮೀಟರಿಗೆ! ಊರೇ ಬೆಚ್ಚಿತು. ಕಂಪನಿ ಅಷ್ಟು ಕೇಳಲಿಲ್ಲ. ಐದು ರೂಪಾಯಿ ಏರಿಸುತ್ತೇವೆ ಅಂತ ಹೊರಟಿತು. ಅದಕ್ಕೂ ಹೈಕೋರ್ಟ್ ತಡೆ ಕೊಟ್ಟಿತು. 2017ರ ಡಿಸೆಂಬರಿನಲ್ಲಿ ಸಮಿತಿಯ ವರದಿಯನ್ನೇ ಕೋರ್ಟ್ ರದ್ದು ಮಾಡಿ, ಹೊಸ ಸಮಿತಿ ರಚಿಸಿ ಎಂದಿತು. ಆಮೇಲೆ ವರ್ಷಗಳು ಉರುಳಿದವು. 2015ರ ಜನವರಿಯ 10–40 ಹತ್ತು ವರ್ಷ ಕಳೆದರೂ ಹಾಗೇ ಉಳಿಯಿತು. ಆ ನಡುವೆ ಬೆಸ್ಟ್ ಬಸ್ಸಿನ ಕನಿಷ್ಠ ದರವೇ 2025ರ ಮೇನಲ್ಲಿ 5ರಿಂದ 10 ಆಯಿತು. ಅಂದರೆ 2014ರಲ್ಲಿ 'ದುಬಾರಿ ಮೆಟ್ರೋ' ಅನ್ನಿಸಿಕೊಂಡದ್ದರ ಕನಿಷ್ಠ ದರಕ್ಕೆ ಬಸ್ಸಿನ ಕನಿಷ್ಠ ದರ ಸಮವಾಯಿತು.

ಬೆಂಗಳೂರಿನವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಬೇಕು. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋ ದರ 90 ರೂಪಾಯಿವರೆಗೆ ಏರಿದಾಗಲೂ 'ಸಮಿತಿ ಹೇಳಿದೆ, ನಾವೇನು ಮಾಡೋಣ' ಎಂಬ ಉತ್ತರ ಬಂತು. ಅದೇ ಕಾಯ್ದೆ, ಅದೇ ಸೆಕ್ಷನ್. ಅಲ್ಲಿ ನಡೆಸುವುದು ಸರ್ಕಾರಿ ಕಂಪನಿ. ಜನರ ಸಿಟ್ಟು ಮಾತ್ರ ಎರಡೂ ಊರಿನಲ್ಲಿ ಒಂದೇ. ಖಾಸಗಿ ಆದ್ದರಿಂದಲೇ ದರ ಏರುತ್ತದೆ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಮುಂಬೈಯಲ್ಲಿ ಖಾಸಗಿ ಲೈನಿನ ದರ ದಶಕ ಕಾಲ ಅಲುಗಲಿಲ್ಲ, ಬೆಂಗಳೂರಿನ ಸರ್ಕಾರಿ ಮೆಟ್ರೋ ದರ ಒಂದೇ ಸಲ ಜಿಗಿಯಿತು.

ಎರಡೂ ಕಡೆ ಕೂತವರು

ಈಗ ಆ ಶೇ 26ಕ್ಕೆ ಬರೋಣ. ಎಂಎಂಆರ್‌ಡಿಎ ಈ ಕಂಪನಿಗೆ ಗುತ್ತಿಗೆ ಕೊಟ್ಟ ಧಣಿ. ಅದೇ ಕಂಪನಿಯ ಷೇರುದಾರ ಕೂಡ. ದರದ ಮೇಲೆ ಕೇಸು ಹಾಕಿದ್ದೂ ಅದೇ. ಅದೇ ಹೊತ್ತಿಗೆ ಮೆಟ್ರೋ ಲೈನುಗಳನ್ನು ತಾನೇ ಕಟ್ಟಿಸುವ ಸಂಸ್ಥೆಯೂ ಹೌದು. ಕಂಪನಿಗೆ ಲಾಭವಾದರೆ ಇದಕ್ಕೂ ಪಾಲು, ನಷ್ಟವಾದರೆ ಇದರ ಬಂಡವಾಳವೂ ಮುಳುಗುತ್ತದೆ. ಸರ್ಕಾರ ಒಳಗೆ ಕೂತಿದ್ದರೆ ಒಂದು ಕಣ್ಣು ಇಟ್ಟಿರಬಹುದು ಅನ್ನುವುದು ಆ ಪಾಲಿನ ಹಿಂದಿನ ಲೆಕ್ಕ ಇರಬೇಕು. ಆದದ್ದು, ಒಳಗೂ ಜಗಳ ಹೊರಗೂ ಜಗಳ.

ಸಾಕಿನಾಕಾದಲ್ಲಿ ಕ್ಯಾಂಟೀನ್ ಇಟ್ಟಿರುವ ಕುಂದಾಪುರ ಕಡೆಯ ಪರಿಚಯದವರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು. "ಹೋಟೆಲ್ ಕಂಡಕ್ಟಿಂಗ್‌ಗೆ ಕೊಟ್ಟ ಹಾಗೆ ಮಾರಾಯ್ರೆ ಇದು. ಕೊಟ್ಟ ಮೇಲೆ ಇಡ್ಲಿ ರೇಟು ನಾನೇ ಬರೆಯೋದು ಅಂದ್ರೆ ಅವ ಹ್ಯಾಂಗೆ ನಡೆಸ್ತಾ? ಅವನೇ ಬರೆಯೋದು ಅಂದ್ರೆ ಗಿರಾಕಿ ನನಗೆ ಬಯ್ತಾ. ಅದನ್ನೆಲ್ಲ ಬೀಗದ ಕೈ ಕೊಡೋ ಮೊದಲೇ ಮಾತಾಡ್ಕೊಳ್ಬೇಕು." ಕಂಡಕ್ಟಿಂಗ್, ಅಂದರೆ ತನ್ನ ಹೋಟೆಲನ್ನು ಇನ್ನೊಬ್ಬರಿಗೆ ನಡೆಸಲು ಕೊಡುವ ವ್ಯವಹಾರ, ಮುಂಬೈಯ ಉಡುಪಿ ಹೋಟೆಲಿನವರಿಗೆ ಹಳೆಯದು. ಅವರಿಗೆ ಇದು ಅರ್ಥವಾಗಲು ವಕೀಲರು ಬೇಕಾಗಲಿಲ್ಲ.

ಕೋವಿಡ್ ಉಳಿದದ್ದನ್ನು ಮುಗಿಸಿತು. 2020ರ ಮಾರ್ಚಿನಲ್ಲಿ ನಿಂತ ರೈಲು ಮತ್ತೆ ಹೊರಟದ್ದು ಅಕ್ಟೋಬರ್ 19ಕ್ಕೆ. ಏಳು ತಿಂಗಳು ಟಿಕೆಟ್ ಇಲ್ಲ, ಬಡ್ಡಿ ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ರಿಲಯನ್ಸ್ ತನ್ನ ಶೇ 74 ಪಾಲನ್ನು ಸರ್ಕಾರವೇ ಕೊಂಡುಕೊಳ್ಳಲಿ ಎಂದಿತು. ಸಾಲ ಕೊಟ್ಟ ಬ್ಯಾಂಕುಗಳು ದಿವಾಳಿ ಕಾನೂನಿನಡಿ ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವು. 2024ರ ಮಾರ್ಚಿನಲ್ಲಿ ರಾಜ್ಯ ಸಂಪುಟ ಆ ಪಾಲನ್ನು 4,000 ಕೋಟಿಗೆ ಕೊಳ್ಳಲು ಒಪ್ಪಿತು. ಅಂತೂ ಮುಗಿಯಿತು ಅಂದುಕೊಂಡೆವು. ಜೂನ್‌ನಲ್ಲಿ ಆ ನಿರ್ಧಾರದಿಂದ ಹಿಂದೆ ಸರಿದರು.

ಇತ್ತ ಖರ್ಚಿನ ಜಗಳ ಪಂಚಾಯಿತಿಗೆ ಹೋಗಿತ್ತು, ಮಧ್ಯಸ್ಥಿಕೆ ಮಂಡಳಿಗೆ. 2023ರ ಆಗಸ್ಟಿನಲ್ಲಿ ಮೂವರಲ್ಲಿ ಇಬ್ಬರ ಬಹುಮತದಿಂದ ತೀರ್ಪು ಬಂತು: ಎಂಎಂಆರ್‌ಡಿಎ ಕಂಪನಿಗೆ ಬಡ್ಡಿ ಸೇರಿ ಸುಮಾರು 992 ಕೋಟಿ ಕೊಡಬೇಕು. ಪ್ರಾಧಿಕಾರ ಅದನ್ನು ಪ್ರಶ್ನಿಸಿತು. 2025ರ ಜೂನ್‌ನಲ್ಲಿ ಹೈಕೋರ್ಟ್ 1,169 ಕೋಟಿ ಠೇವಣಿ ಇಡಿ ಎಂದಿತು. ತಾನು ಶೇ 26 ಪಾಲು ಹೊಂದಿರುವ ಕಂಪನಿಗೆ ತಾನೇ ದಂಡ ಕಟ್ಟುವುದು ಅಂದರೆ ನಾಲ್ಕನೇ ಒಂದು ಭಾಗ ಬಲಗೈಯಿಂದ ಎಡಗೈಗೆ. ಉಳಿದದ್ದು ಊರಿನ ದುಡ್ಡು.

ರೈಲು ಮಾತ್ರ ಹೊತ್ತಿಗೆ ಬರುತ್ತದೆ

ಇಷ್ಟೆಲ್ಲದರ ನಡುವೆ ನಡೆಸುವ ಕೆಲಸ ಹೇಗಿತ್ತು? ಚೆನ್ನಾಗಿಯೇ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ದಟ್ಟಣೆಯ ಹೊತ್ತಿನಲ್ಲಿ ಮೂರೂವರೆ–ನಾಲ್ಕು ನಿಮಿಷಕ್ಕೊಂದು ರೈಲು. ನಿಲ್ದಾಣ ಚೊಕ್ಕಟ. ಮೊದಲ ಹತ್ತು ವರ್ಷದಲ್ಲಿ ಪ್ರಯಾಣಿಕರ ಒಟ್ಟು ಸಂಖ್ಯೆ ನೂರು ಕೋಟಿಯ ಹತ್ತಿರ ಬಂತು. ದಿನದ ಲೆಕ್ಕ ಕೆಲವೊಮ್ಮೆ ಐದು ಲಕ್ಷ ದಾಟುತ್ತದೆ. ಕಂಪನಿ ದಿವಾಳಿಯ ಬಾಗಿಲಲ್ಲಿದ್ದಾಗಲೂ ರೈಲು ಹತ್ತಿದವರಿಗೆ ಅದು ಗೊತ್ತಾಗಲಿಲ್ಲ. ಕ್ಯಾಂಟೀನಿನ ಹುಡುಗರನ್ನು ಕೇಳಿದರೆ ಈ ಲೈನ್ ಖಾಸಗಿ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. "ಟೈಮಿಗೆ ಬಂದ್ರೆ ಸೈ" ಅನ್ನುತ್ತಾರೆ.

ಮುಂಬೈ ತಾನು ಕಲಿತದ್ದನ್ನು ಬೇರೆ ರೀತಿಯಲ್ಲಿ ತೋರಿಸಿತು. ಚಾರ್ಕೋಪ್–ಬಾಂದ್ರಾ–ಮಾನ್‌ಖುರ್ದ್ ಲೈನನ್ನೂ ರಿಲಯನ್ಸ್ ನೇತೃತ್ವದ ಗುಂಪಿಗೇ ಕೊಟ್ಟಿದ್ದರು. ಕೆಲಸ ಹತ್ತಲಿಲ್ಲ, 2014ರ ನವೆಂಬರಿನಲ್ಲಿ ಆ ಒಪ್ಪಂದ ರದ್ದಾಯಿತು. ಆಮೇಲಿನ ಲೈನುಗಳೆಲ್ಲ ಸರ್ಕಾರದ ಕೈಯಲ್ಲೇ. 2ಎ ಮತ್ತು 7 ಎಂಎಂಆರ್‌ಡಿಎಯ ಬಳಗದಲ್ಲಿ, ಭೂಗತ 3ನೇ ಲೈನು ಜಪಾನಿನ ಸಾಲದಲ್ಲಿ. ಬೇರೆ ಊರುಗಳ ಕಥೆಯೂ ಉತ್ತೇಜನ ಕೊಡುವಂಥದ್ದಲ್ಲ. ದೆಹಲಿಯ ಏರ್‌ಪೋರ್ಟ್ ಲೈನ್ 2011ರಲ್ಲಿ ಶುರುವಾಗಿ 2013ರಲ್ಲೇ ಖಾಸಗಿಯವರು ಕೈಬಿಟ್ಟರು, ಕೇಸು 2024ರ ತನಕ ಎಳೆಯಿತು. ಗುರುಗ್ರಾಮದ ರ‍್ಯಾಪಿಡ್ ಮೆಟ್ರೋ 2019ರಲ್ಲಿ ಸರ್ಕಾರದ ಕೈಗೆ ಬಂತು. ಹೈದರಾಬಾದಿನಲ್ಲಿ ಎಲ್ ಆ್ಯಂಡ್ ಟಿಗೆ ಅಂಗಡಿ–ಆಫೀಸು ಕಟ್ಟಲು 269 ಎಕರೆ ಕೊಟ್ಟಿದ್ದರು. ಆದರೂ ನಷ್ಟವೆಂದು 2025ರಲ್ಲಿ ತೆಲಂಗಾಣ ಸರ್ಕಾರಕ್ಕೆ ಒಪ್ಪಿಸುವ ಮಾತಾಯಿತು.

ಪುಣೆಯವರು ಇದನ್ನು ಗಮನವಿಟ್ಟು ಓದಬೇಕು. ಹಿಂಜವಡಿಯಿಂದ ಶಿವಾಜಿನಗರಕ್ಕೆ ಸುಮಾರು 23 ಕಿಲೋಮೀಟರಿನ ಲೈನನ್ನು ಟಾಟಾ–ಸೀಮೆನ್ಸ್ ಜೋಡಿ 35 ವರ್ಷದ ಕನ್ಸೆಷನ್‌ನಲ್ಲೇ ಕಟ್ಟಲು ಹೊರಟಿತು. ಹಿಂಜವಡಿಯ ಕಂಪನಿಗಳಲ್ಲಿ ಕನ್ನಡದವರು ಕಡಿಮೆ ಇಲ್ಲ. ಅವರು ಕೇಳಬೇಕಾದ್ದು 'ರೈಲು ಯಾವಾಗ' ಒಂದೇ ಅಲ್ಲ. ಮೊದಲ ದಿನದ ದರ ಯಾರು ಬರೆಯುತ್ತಾರೆ, ಐದನೇ ವರ್ಷ ಅದನ್ನು ಯಾರು ತಿದ್ದುತ್ತಾರೆ, ತಿದ್ದಲು ಬಿಡದಿದ್ದರೆ ಕೊರತೆ ಯಾರು ತುಂಬುತ್ತಾರೆ ಅಂತಲೂ ಕೇಳಬೇಕು.

ಮುಂಬೈಯ ಲೈನಿನಲ್ಲಿ ಈಗಿನ ತೊಂದರೆ ನೂಕುನುಗ್ಗಲು. 2ಎ, 7 ಮತ್ತು 3ನೇ ಲೈನುಗಳು ಬಂದ ಮೇಲೆ ಡಿ.ಎನ್. ನಗರ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಮರೋಲ್ ನಾಕಾದಿಂದ ಹೊಸ ಜನ ಸೇರುತ್ತಾರೆ. ಸಂಜೆ ಘಾಟ್ಕೋಪರ್‌ನಲ್ಲಿ ಇಳಿಯುವುದೇ ಒಂದು ಕಸರತ್ತು. ಪ್ಲಾಟ್‌ಫಾರ್ಮ್ ಆರು ಡಬ್ಬಿಗೆ ಸಾಕಾಗುವಷ್ಟು ಉದ್ದವಿದೆ. ಓಡುತ್ತಿರುವ 16 ರೈಲುಗಳಿಗೂ ನಾಲ್ಕೇ ಡಬ್ಬಿ. ಹೊಸ ಡಬ್ಬಿ ತರಿಸಲು ದುಡ್ಡು ಬೇಕು. ಹಳೆಯ ಸಾಲ ತೀರಿಸಲಾಗದ ಕಂಪನಿಗೆ ಹೊಸ ಸಾಲ ಕೊಡುವ ಬ್ಯಾಂಕ್ ಯಾವುದು? ದರ ಏರಿಸಿ ದುಡ್ಡು ಕೂಡಿಸೋಣ ಅಂದರೆ ಸಮಿತಿ ಬೇಕು. ಸರ್ಕಾರ ಹಾಕಲಿ ಅಂದರೆ ಅದು ಕೋರ್ಟಿನಲ್ಲಿ ಎದುರಾಳಿ. ಒಪ್ಪಂದದ ಅವಧಿ 2042ರ ಹತ್ತಿರದವರೆಗೆ ಇದೆ. ಅಲ್ಲಿಯ ತನಕ ಕಾಯಬೇಕಾ, ಅಥವಾ ಆ 992 ಕೋಟಿಯ ಕೇಸು ಮುಗಿದ ಮೇಲೆ ಮತ್ತೆ ಕೊಳ್ಳುವ ಮಾತು ಬರುತ್ತದಾ ಅನ್ನುವುದರ ಮೇಲೆ ಆ ಎರಡು ಡಬ್ಬಿ ನಿಂತಿವೆ.